ಅತ್ತೆಯ ಕೆಮ್ಮು, ಒಲೆಯ ಲೆಕ್ಕ

ಪ್ರಶ್ನೆ: ನಮ್ಮದು ಪಾಂಡವಪುರ ತಾಲ್ಲೂಕಿನ ಹಳ್ಳಿ. ಸುತ್ತ ನಾಲೆ, ಗದ್ದೆ, ಕಬ್ಬು. ಮೊಬೈಲಿನಲ್ಲಿ ನೋಡಿದರೆ ಮೈಸೂರಿನ ಗಾಳಿಯೇ ‘ತೃಪ್ತಿಕರ’ ಅಂತ ಬರುತ್ತೆ. ಇನ್ನು ನಮ್ಮೂರಿನ ಗಾಳಿಗೆ ಏನಾಗಿದೆ? ಆದರೂ ನಮ್ಮತ್ತೆಗೆ 58ಕ್ಕೇ ಬಿಡದ ಕೆಮ್ಮು, ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಬೀಡಿ ಮುಟ್ಟಿದವರಲ್ಲ. ಗ್ಯಾಸ್ ಇದೆ. ಹಿಟ್ಟು, ಹಂಡೆ ನೀರು ಮಾತ್ರ ಸೌದೆ ಒಲೆಯಲ್ಲೇ. ಇದು ಗಾಳಿಯಿಂದ ಬಂದದ್ದಾ? ಸೆರಗು ಅಡ್ಡ ಹಿಡಿದರೆ ಸಾಕಾ?
— ಒಬ್ಬ ಸೊಸೆ, ಮಂಡ್ಯ ಜಿಲ್ಲೆ

ಉತ್ತರ: ತಂಗಿ, ಮೊಬೈಲು ಸುಳ್ಳು ಹೇಳುತ್ತಿಲ್ಲ. ಆದರೆ ಅದು ಹೇಳುವುದು ಮೈಸೂರಿನಲ್ಲಿ ಮಾಪನ ಯಂತ್ರ ನಿಂತಿರುವ ಜಾಗದ ಗಾಳಿಯನ್ನು. ನಿಮ್ಮತ್ತೆ ಉಸಿರಾಡಿದ್ದು ಒಲೆ ಮುಂದಿನ ಗಾಳಿಯನ್ನು.

ನಾನೂ ಮಂಡ್ಯ ಸೀಮೆಯವಳೇ. ಮಾನಸಗಂಗೋತ್ರಿಯಲ್ಲಿ ಓದುವಾಗ ಧೂಳು ಅಳೆಯುವ ಪುಟ್ಟ ಪಂಪನ್ನು ಊರಿಗೆ ತಂದು ಅಮ್ಮನ ಸೊಂಟಕ್ಕೆ ಕಟ್ಟಿದ್ದೆ. ಅದರ ಕೊಳವೆಯ ಬಾಯನ್ನು ಸೆರಗಿನ ಪಿನ್ನಿಗೆ ಸಿಕ್ಕಿಸಿದೆ, ಮೂಗಿನಿಂದ ಒಂದು ಗೇಣು ಕೆಳಗೆ. ಒಳಗೆ ಹಾಲಿನಂಥ ಬಿಳಿ ಫಿಲ್ಟರ್. ಅಮ್ಮ ಊದುಕೊಳವೆ ಊದಿ, ಹಿಟ್ಟು ತೊಳಸಿ, ಉಂಡೆ ಕಟ್ಟಿ ಎದ್ದಾಗ ಆ ಬಿಳಿ ಫಿಲ್ಟರ್ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಮರುದಿನ ಅಷ್ಟೇ ಹೊತ್ತು ಅದೇ ಪಂಪನ್ನು ಜಗಲಿ ಕಂಬಕ್ಕೆ ತೂಗುಹಾಕಿದೆ. ಫಿಲ್ಟರ್ ಬೂದಿಯಷ್ಟೂ ಮಾಸಿರಲಿಲ್ಲ. ಒಂದೇ ಮನೆ, ನಡುವೆ ಹತ್ತು ಹೆಜ್ಜೆ. ಅವತ್ತು ಅಮ್ಮನ ಮುಖ ನೋಡಲು ನನಗೆ ಆಗಲಿಲ್ಲ.

ಇದನ್ನು ನಮ್ಮ ದೇಶದಲ್ಲಿ ಮೊದಮೊದಲು ಅಳೆದು ತೋರಿಸಿದವರಲ್ಲಿ ಅಮೆರಿಕದ ವಿಜ್ಞಾನಿ ಕರ್ಕ್ ಸ್ಮಿತ್ ಒಬ್ಬರು. 1980ರ ದಶಕದ ಆರಂಭದಲ್ಲಿ ಅವರೂ ಇಲ್ಲಿನ ಸಂಗಡಿಗರೂ ಗುಜರಾತಿನ ನಾಲ್ಕು ಹಳ್ಳಿಗಳಲ್ಲಿ ಅಡುಗೆ ಮಾಡುವ ಹೆಂಗಸರ ಮೈಮೇಲೇ ಇಂಥ ಉಪಕರಣ ಕಟ್ಟಿದರು. ಗಾಳಿ ಎಷ್ಟು ಕೆಟ್ಟಿದೆ ಅನ್ನೋದು ಒಂದು ಲೆಕ್ಕ. ಅದರೊಳಗೆ ಯಾರು ಎಷ್ಟು ಹೊತ್ತು ಕೂತಿದ್ದರು ಅನ್ನೋದು ಇನ್ನೊಂದು. ಎರಡೂ ಸೇರಿದರೇ ಮೈಗೆ ಸೇರಿದ್ದೆಷ್ಟು ಅಂತ ಗೊತ್ತಾಗೋದು.

ನಮ್ಮ ಪಕ್ಕದಲ್ಲೇ ಇದಕ್ಕೊಂದು ಸುಲಭದ ಲೆಕ್ಕ ಸಿಕ್ಕಿದೆ. ಮೈಸೂರು ಜಿಲ್ಲೆಯ ಹಳ್ಳಿ ಹೆಂಗಸರನ್ನು ಪರೀಕ್ಷಿಸಿ ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ವೈದ್ಯರು 2013ರಲ್ಲಿ ಪ್ರಕಟಿಸಿದ್ದು. ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆ ಮುಂದೆ, ಅದನ್ನು ಎಷ್ಟು ವರ್ಷದಿಂದ ಗುಣಿಸಬೇಕು. ಉತ್ತರ 60 ದಾಟಿದವರಲ್ಲಿ ದೀರ್ಘಕಾಲದ ಬ್ರಾಂಕೈಟಿಸ್, ಅಂದರೆ ಶ್ವಾಸನಾಳ ಊದಿಕೊಂಡು ಕಫ-ಕೆಮ್ಮು ಬಿಡದೆ ಕಾಡುವ ಕಾಯಿಲೆಯ ಅಪಾಯ ಎದ್ದು ಕಾಣುವಷ್ಟು ಜಾಸ್ತಿ. ನಿಮ್ಮತ್ತೆ ಹದಿನೆಂಟಕ್ಕೆ ಒಲೆ ಮುಂದೆ ಕೂತು, ದಿನಕ್ಕೆ ಮೂರು ಗಂಟೆ ಊದಿದ್ದಾರೆ ಅಂದುಕೊಳ್ಳಿ. ಮೂರು ಗುಣಿಸು ನಲವತ್ತು, 120. ಇದರಿಂದಲೇ ಕಾಯಿಲೆ ಅಂತ ಅರ್ಥವಲ್ಲ. ಆದರೆ ಡಾಕ್ಟರಿಗೆ ಹೇಳಲೇಬೇಕಾದ ಸಂಖ್ಯೆ. ಬೀಡಿ ಸೇದ್ತೀರಾ ಅಂತ ಕೇಳಿ ಸುಮ್ಮನಾಗುವವರು ಜಾಸ್ತಿ, ಒಲೆಯ ವಿಷಯ ನೀವೇ ಎತ್ತಿ. ಊದಿಸಿ ನೋಡುವ ಸ್ಪೈರೋಮೆಟ್ರಿ ಪರೀಕ್ಷೆ ಮಾಡಿಸಿ. ಕೆಮ್ಮು ಎರಡು ವಾರ ದಾಟಿದೆ ಅಂದರೆ ಅದಕ್ಕೂ ಮೊದಲು ಕ್ಷಯ (ಟಿಬಿ) ಇದೆಯಾ ಅಂತ ಕಫ ಪರೀಕ್ಷೆ ಮಾಡಿಸಿ, ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ದುಡ್ಡು ಕೊಡಬೇಕಿಲ್ಲ.

ಸೆರಗು ಸಾಲದು. ಪಿಎಂ 2.5 ಅನ್ನುವ ಕಣ ನಮ್ಮ ಕೂದಲೆಳೆಯ ದಪ್ಪದ ಮೂವತ್ತನೇ ಒಂದು ಪಾಲು. ಹೊಗೆಯಲ್ಲಿ ಅದಕ್ಕಿಂತ ಸಣ್ಣವೇ ಬಹಳ. ಸೀರೆಯ ನೇಯ್ಗೆಯೊಳಗೆ ಸಲೀಸಾಗಿ ನುಗ್ಗಿ ಶ್ವಾಸಕೋಶದ ತಳ ಮುಟ್ಟುತ್ತವೆ.

ಹಿಟ್ಟಿನ ಎಸರನ್ನು ಇವತ್ತೇ ಗ್ಯಾಸಿಗೆ ಇಡಿ. ರುಚಿ ಬರಲ್ಲ ಅಂತ ಅತ್ತೆ ಮುನಿಸಿಕೊಳ್ಳಬಹುದು, ನನ್ನಮ್ಮನೂ ತಿಂಗಳುಗಟ್ಟಲೆ ಹಾಗೇ ಅಂದರು. ಹಂಡೆ ಒಲೆಯನ್ನು ಹಿತ್ತಿಲಿಗೆ ಸಾಗಿಸಿ, ಹಸಿ ಸೌದೆ ಬೇಡ, ಉರಿ ಹತ್ತಿದ ಮೇಲೆ ಅಲ್ಲಿ ಯಾರೂ ಕೂರಬೇಡಿ.

ಇನ್ನೊಂದು ಮಾತು. ಈಗ ಆ ಒಲೆ ಊದುತ್ತಿರುವುದು ಯಾರು? ನೀವೇ ಅಲ್ವಾ? ಮದುವೆಯಾಗಿ ಎಷ್ಟು ವರ್ಷ, ದಿನಕ್ಕೆ ಎಷ್ಟು ಗಂಟೆ ಅಂತ ಗುಣಿಸಿ, ಎಷ್ಟು ಬಂತು ಅಂತ ನನಗೆ ಬರೆಯಿರಿ.