ಓದುಗರ ಪ್ರಶ್ನೆ, ಕಾನೂನಿನ ಉತ್ತರ: ಎ-ನಂಬರ್ ಮೊದಲು, ವಕೀಲರು ಆಮೇಲೆ

ಪ್ರಶ್ನೆ: ನನ್ನ ತಮ್ಮ ವೀಸಾ ಅವಧಿ ಮುಗಿದ ಮೇಲೂ ಅಮೆರಿಕದಲ್ಲೇ ಉಳಿದಿದ್ದ. ಮೂರು ದಿನದ ಹಿಂದೆ ವಲಸೆ ಪೊಲೀಸರು ಹಿಡಿದುಕೊಂಡು ಹೋದರಂತೆ. ಎಲ್ಲಿಟ್ಟಿದ್ದಾರೋ ತಿಳಿಯದು. ಅಲ್ಲಿ ಸರ್ಕಾರವೇ ವಕೀಲರನ್ನು ಕೊಡುತ್ತದೆ ಎನ್ನುತ್ತಾರೆ, ನಿಜವೇ?
– ಓದುಗರು, ನಿಟುವಳ್ಳಿ, ದಾವಣಗೆರೆ

ಉತ್ತರ: ಕೊಡುವುದಿಲ್ಲ. ಆ ಮಾತು ಕ್ರಿಮಿನಲ್ ಕೇಸಿನದು. ಗಡೀಪಾರು ಅಲ್ಲಿ ಸಿವಿಲ್ ವ್ಯವಹಾರ. ವಕೀಲರನ್ನು ಇಟ್ಟುಕೊಳ್ಳುವ ಹಕ್ಕಿದೆ, ಖರ್ಚು ಮಾತ್ರ ಸರ್ಕಾರದ್ದಲ್ಲ. 2007ರಿಂದ 2012ರವರೆಗಿನ ಕೇಸುಗಳ ಅಧ್ಯಯನವೊಂದರ ಪ್ರಕಾರ, ಬಂಧನದಲ್ಲಿದ್ದವರ ಪೈಕಿ ವಕೀಲರು ಸಿಕ್ಕಿದ್ದು ಶೇ. 14 ಜನರಿಗೆ. ಸೇವಾ ಸಂಸ್ಥೆಗಳ ಉಚಿತ ವಕೀಲರು ಓಡಾಡುವುದು ಉಳಿದವರಿಗಾಗಿ.

ಮೊದಲು ತಮ್ಮನನ್ನು ಹುಡುಕಿ. ವಲಸೆ ಪೊಲೀಸ್ ಇಲಾಖೆ ‘ಐಸ್’ನ ಜಾಲತಾಣದಲ್ಲಿ ‘ಡಿಟೈನಿ ಲೊಕೇಟರ್’ ಇದೆ. ಎ-ನಂಬರ್ (ಅಲ್ಲಿನ ವಲಸೆ ಕಡತದ ಗುರುತಿನ ಸಂಖ್ಯೆ) ಮತ್ತು ಹುಟ್ಟಿದ ದೇಶ ಹಾಕಿದರೆ ಎಲ್ಲಿದ್ದಾನೆಂದು ತೋರಿಸುತ್ತದೆ. 9 ಅಂಕಿ ಬೇಕು. 8 ಇದ್ದರೆ ಮುಂದೊಂದು ಸೊನ್ನೆ ಸೇರಿಸಿ. ನಂಬರ್ ಇಲ್ಲದಿದ್ದರೆ ಹೆಸರಿನಿಂದ ಹುಡುಕಬಹುದು, ಆದರೆ ಅಕ್ಷರ ಅಕ್ಷರವೂ ಹೊಂದಬೇಕು. ನಮ್ಮ ಕಡೆಯವರು ಎಡವುವುದು ಇಲ್ಲೇ. ಪಾಸ್‌ಪೋರ್ಟಿನಲ್ಲಿ ಮಂಜುನಾಥ ಎಂಬ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಅದು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (‘ಮೊದಲ ಹೆಸರು ತಿಳಿದಿಲ್ಲ’ ಎಂದರ್ಥ) ಎಂಬ ಮೂರಕ್ಷರ ಕೂತಿರುತ್ತದೆ. ಹಾಗೂ ಹುಡುಕಿ, ತಿರುವುಮುರುವು ಮಾಡಿಯೂ ಹುಡುಕಿ. ಇಂಗ್ಲಿಷಿನಲ್ಲಿ ಕೊನೆಯ ‘ಎ’ ಇದ್ದು ಒಮ್ಮೆ, ಇಲ್ಲದೆ ಒಮ್ಮೆ ನೋಡಿ. ಒಂದು ಜೈಲಿನಿಂದ ಇನ್ನೊಂದಕ್ಕೆ ಸಾಗಿಸುವಾಗ ಹೆಸರು ಕಾಣದಿರಬಹುದು, ಮರುದಿನ ಮತ್ತೆ ನೋಡಿ.

ಜಾಗ ತಿಳಿದ ಮೇಲೆ ವಕೀಲರು. ಅಲ್ಲಿನ ವಲಸೆ ನ್ಯಾಯಾಲಯಗಳ ಇಲಾಖೆಯೇ ಉಚಿತ ಕಾನೂನು ಸಂಸ್ಥೆಗಳ ಪಟ್ಟಿಯನ್ನು ರಾಜ್ಯವಾರು ಪ್ರಕಟಿಸುತ್ತದೆ. ನಿಮ್ಮ ತಮ್ಮ ವಾಸವಿದ್ದ ಊರಿನದಲ್ಲ, ಈಗ ಇಟ್ಟಿರುವ ಜಾಗದ ಪಟ್ಟಿ ನೋಡಿ. ಅರಿಜೋನಾದಲ್ಲಿ 1989ರಿಂದ ‘ಫ್ಲಾರೆನ್ಸ್ ಪ್ರಾಜೆಕ್ಟ್’ ಇದೆ. ನ್ಯೂಯಾರ್ಕಿನಲ್ಲಿ ಬಂಧಿತರಿಗೆ ನಗರದ ದುಡ್ಡಿನಲ್ಲೇ ವಕೀಲರನ್ನು ಕೊಡುವ ಯೋಜನೆ 2013ರಲ್ಲಿ ಶುರುವಾಯಿತು. ಎಲ್ಲ ಕಡೆ ಅಂಥ ಅನುಕೂಲವಿಲ್ಲ. ಒಂದು ಸಂಸ್ಥೆ ‘ಆಗಲ್ಲ’ ಅಂದರೆ ಕೇಸಿನಲ್ಲಿ ಹುರುಳಿಲ್ಲ ಎಂದಲ್ಲ, ಅವರಲ್ಲಿ ಕೈ ಖಾಲಿ ಇಲ್ಲ ಅಷ್ಟೆ. ಪಟ್ಟಿಯಲ್ಲಿರುವ ಅಷ್ಟೂ ಜನರಿಗೆ ಫೋನ್ ಮಾಡಿ. ಎ-ನಂಬರ್, ಮುಂದಿನ ವಿಚಾರಣೆ ದಿನಾಂಕ, ದೇಶಕ್ಕೆ ಕಾಲಿಟ್ಟ ದಿನ, ವೀಸಾ ಬಗೆ, ಪೊಲೀಸ್ ಕೇಸ್ ಇದ್ದರೆ ಅದು: ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡೇ ಮಾತಾಡಿ.

ವೀಸಾದ ಮೇಲೆ ಹೋದವನಾದ್ದರಿಂದ ಸಾಮಾನ್ಯವಾಗಿ ಜಡ್ಜ್ ಮುಂದೆ ಬಾಂಡ್ (ಹಣ ಕಟ್ಟಿ ಹೊರಬರುವ ಜಾಮೀನು) ಕೇಳಬಹುದು. ಕನಿಷ್ಠ 1,500 ಡಾಲರ್. ಗಡಿ ಹಾರಿ ಹೋದವರಿಗೆ ಬಾಂಡ್ ಕೊಡುವ ಅಧಿಕಾರ ವಲಸೆ ಜಡ್ಜ್‌ಗಳಿಗೇ ಇಲ್ಲ ಎಂದು ಅಲ್ಲಿನ ವಲಸೆ ಮೇಲ್ಮನವಿ ಮಂಡಳಿ 2025ರ ಸೆಪ್ಟೆಂಬರಿನಲ್ಲಿ ಹೇಳಿದ ಮೇಲೆ, ಅಂಥವರ ವಕೀಲರು ಫೆಡರಲ್ ಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ (ಬಂಧನವನ್ನೇ ಪ್ರಶ್ನಿಸುವ ಅರ್ಜಿ) ಹಾಕುತ್ತಿದ್ದಾರೆ.

ನಿಮ್ಮ ತಮ್ಮ ಫೋನಿಗೆ ಸಿಕ್ಕರೆ ಎರಡೇ ಮಾತು ಹೇಳಿ: ಓದದೆ ಸಹಿ ಹಾಕಬೇಡ, ಕೇಸಿನ ವಿಷಯ ಈ ಫೋನಿನಲ್ಲಿ ಬೇಡ. ಮನೆಯವರೊಂದಿಗಿನ ಕರೆ ರೆಕಾರ್ಡ್ ಆಗುತ್ತದೆ.

ಪ್ರಶ್ನೆ: ಅಣ್ಣನ ಮಗ ಅಲ್ಲಿ ಆಶ್ರಯ ಕೋರಿದ್ದಾನೆ. ಅವನ ವಕೀಲರು ಜನನ ಪ್ರಮಾಣಪತ್ರ, ಎಫ್‌ಐಆರ್, ಸಾಕ್ಷಿಗಳ ಪತ್ರ ಕೇಳಿದ್ದಾರೆ. ಎಲ್ಲ ಕನ್ನಡದಲ್ಲಿವೆ. ನೋಟರಿ ಮಾಡಿಸಿದರೆ ಸಾಕೇ?
– ಓದುಗರು, ಚಳ್ಳಕೆರೆ

ಉತ್ತರ: ಅನುವಾದಕ್ಕೆ ನೋಟರಿಯ ಮುದ್ರೆಯನ್ನು ಆ ಕೋರ್ಟು ಕೇಳುವುದೇ ಇಲ್ಲ, ಕೋರ್ಟಿನ ಗೇಟಿನ ಮುಂದೆ ಅದಕ್ಕೆ ದುಡ್ಡು ಸುರಿಯಬೇಡಿ. ಬೇಕಾದ್ದು ಅನುವಾದಕರ ದೃಢೀಕರಣ: ‘ನನಗೆ ಕನ್ನಡ, ಇಂಗ್ಲಿಷ್ ಎರಡೂ ಚೆನ್ನಾಗಿ ಬರುತ್ತವೆ, ಈ ಅನುವಾದ ನಿಖರವಾಗಿದೆ’ ಎಂಬ ಒಕ್ಕಣೆ, ಕೆಳಗೆ ಹೆಸರು, ವಿಳಾಸ, ಸಹಿ. ಅನುವಾದಕರು ಮನೆಯವರಲ್ಲದಿದ್ದರೆ ಒಳ್ಳೆಯದು. ಮೂಲ ಪುಟದ ನಕಲನ್ನು ಜೊತೆಗೇ ಲಗತ್ತಿಸಿ. ಠಾಣೆಯ ಮೊಹರು, ಅಂಚಿನಲ್ಲಿ ಗೀಚಿದ ಷರಾ ಕೂಡ ಅನುವಾದವಾಗಬೇಕು. ದಿನಾಂಕದ ಬಗ್ಗೆ ಎಚ್ಚರ: ನಮ್ಮ 05-06 ಅಂದರೆ ಜೂನ್ 5, ಅವರಿಗೆ ಮೇ 6. ತಿಂಗಳನ್ನು ಅಕ್ಷರದಲ್ಲೇ ಬರೆಯಿಸಿ. ಇಂಥ ಒಂದು ಗೊಂದಲವೇ ‘ಹೇಳಿಕೆಗಳು ತಾಳೆಯಾಗುತ್ತಿಲ್ಲ’ ಎಂಬ ಆಕ್ಷೇಪಕ್ಕೆ ದಾರಿ.

ಸಾಕ್ಷಿಗಳು ಕಣ್ಣಾರೆ ಕಂಡದ್ದನ್ನಷ್ಟೇ ಬರೆಯಲಿ. ಒಬ್ಬನೇ ಟೈಪಿಸ್ಟ್ ಹತ್ತಿರ ಐದು ಜನರ ಪತ್ರ ಒಂದೇ ಧಾಟಿಯಲ್ಲಿ ಹೊಡೆಸಿದರೆ ಐದೂ ಕೆಡುತ್ತವೆ.

ವಿಚಾರಣೆಯಲ್ಲಿ ದುಭಾಷಿಯನ್ನು ಕೋರ್ಟೇ ಉಚಿತವಾಗಿ ಕೊಡುತ್ತದೆ. ‘ಹಿಂದಿ ನಡೆಯುತ್ತಾ?’ ಎಂದರೆ ಹುಡುಗ ಮುಲಾಜಿಗೆ ತಲೆಯಾಡಿಸಬಾರದು, ಮೊದಲ ದಿನವೇ ಕನ್ನಡ ಕೇಳಬೇಕು. ಆಶ್ರಯದ ಅರ್ಜಿಗೆ ಸಾಮಾನ್ಯ ಗಡುವು ಬಂದಿಳಿದ 1 ವರ್ಷದೊಳಗೆ. ಅರ್ಜಿ ನಿಜಕ್ಕೂ ಸಲ್ಲಿಕೆಯಾಗಿದೆಯೇ ಎಂದು ರಸೀದಿ ನೋಡಿ ಖಚಿತಪಡಿಸಿಕೊಳ್ಳಿ. ಭಾರತದ ಕಾನ್ಸುಲೇಟಿಗೆ ತಿಳಿಸುವಂತೆ ಕೇಳುವ ಹಕ್ಕು ಪ್ರತಿ ಬಂಧಿತನಿಗೂ ಇದೆ, ಆದರೆ ಆಶ್ರಯ ಕೋರಿದವರು ವಕೀಲರನ್ನು ಕೇಳಿಯೇ ಆ ಹೆಜ್ಜೆ ಇಡಬೇಕು.

ಪ್ರಶ್ನೆ: ಮಗ ಬಾಂಡ್ ಮೇಲೆ ಹೊರಬಂದು ಬೇರೆ ರಾಜ್ಯಕ್ಕೆ ಹೋಗಿದ್ದಾನೆ. ಐದು ಲಕ್ಷ ಕೊಟ್ಟರೆ ಕೇಸೇ ತೆಗೆಸುತ್ತೇನೆ ಎಂದು ಇಲ್ಲಿನ ಏಜೆಂಟ್ ಹೇಳುತ್ತಿದ್ದಾನೆ.
– ಓದುಗರು, ಹರಿಹರ

ಉತ್ತರ: ಒಂದು ರೂಪಾಯಿಯನ್ನೂ ಕೊಡಬೇಡಿ. ವಲಸೆ ಕೋರ್ಟಿನಲ್ಲಿ ಪರವಾಗಿ ನಿಲ್ಲುವವರು ವಕೀಲರು, ಇಲ್ಲವೇ ಅಲ್ಲಿನ ನ್ಯಾಯ ಇಲಾಖೆಯಿಂದ ಪೂರ್ಣ ಮಾನ್ಯತೆ ಪಡೆದ ಸಂಸ್ಥೆಯ ಪ್ರತಿನಿಧಿ. ಭಾಗಶಃ ಮಾನ್ಯತೆಯವರಿಗೆ ಕೋರ್ಟಿನಲ್ಲಿ ನಿಲ್ಲಲು ಬರುವುದಿಲ್ಲ. ಏಜೆಂಟನ ಮೇಲೆ ಪೊಲೀಸರಿಗೆ ದೂರು ಕೊಡಿ. ದೂರು ಬರೆಯಲು ದಾವಣಗೆರೆಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಅಲ್ಲಿ ವರಮಾನದ ಮಿತಿ ಇಲ್ಲದೆ ಉಚಿತ ನೆರವಿದೆ.

ಅದಕ್ಕಿಂತ ತುರ್ತಿನ ಕೆಲಸ ಮಗನದು. ವಿಳಾಸ ಬದಲಾದ 5 ದಿನದೊಳಗೆ ಇಒಐಆರ್-33 ನಮೂನೆಯನ್ನು ಕೋರ್ಟಿಗೆ ಕೊಡಬೇಕು, ಪ್ರತಿಯನ್ನು ಸರ್ಕಾರಿ ವಕೀಲರಿಗೂ ಕಳಿಸಬೇಕು. ಇಲ್ಲದಿದ್ದರೆ ನೋಟಿಸು ಹಳೇ ಮನೆಗೆ ಹೋಗುತ್ತದೆ, ಹಾಜರಾಗದಿದ್ದರೆ ಗೈರುಹಾಜರಿಯಲ್ಲೇ ಗಡೀಪಾರು ಆದೇಶವಾಗುತ್ತದೆ. ತೀವ್ರ ಕಾಯಿಲೆಯಂಥ ಕಾರಣವಿದ್ದರೆ 180 ದಿನದೊಳಗೆ ಮರುವಿಚಾರಣೆ ಕೇಳಬಹುದು. ‘ವಿಳಾಸ ತಿಳಿಸಲು ಮರೆತೆ’ ಎಂಬುದು ಅಂಥ ಕಾರಣಗಳಲ್ಲಿ ಸೇರುವುದಿಲ್ಲ.