ಎಂಡೋಸ್ಕೋಪಿ ನಾರ್ಮಲ್, ಆದರೂ ರೊಟ್ಟಿ ಇಳಿಯುತ್ತಿಲ್ಲ
ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ: ನಮ್ಮ ಅವ್ವಗ 54 ವರ್ಷ. ಎಂಟು ತಿಂಗಳಿಂದ ರೊಟ್ಟಿ ಎದಿಯೊಳಗ ನಿಂತಂಗ ಆಗ್ತದ. ಈಗ ನೀರೂ ನಿಲ್ಲತಾವ. ರಾತ್ರಿ ಮಲಗಿದ್ರ ತಿಂದಿದ್ದು ಬಾಯಿಗಿ ಬರ್ತದ. ಆ್ಯಸಿಡಿಟಿ ಗುಳಿಗಿ ತಗೊಂಡ್ರೂ ಫರಕ್ ಇಲ್ಲ. ಎಂಡೋಸ್ಕೋಪಿ ನಾರ್ಮಲ್ ಬಂದದ. ಮೂಗಿನಿಂದ ಪೈಪ್ ಹಾಕಿ ಪ್ರೆಶರ್ ನೋಡಬೇಕು ಅಂತಾರ ಡಾಕ್ಟರ್. ಇದು ಯಾಕ ಬೇಕ್ರಿ?
(ಓದುಗರು, ಸೇಡಂ)

ಉತ್ತರ: ಬೇಕೇ ಬೇಕು, ತಡ ಮಾಡಬೇಡಿ. ಎಂಡೋಸ್ಕೋಪಿಯಲ್ಲಿ ಕಾಣುವುದು ಅನ್ನನಾಳದ ಒಳಗೋಡೆ: ಹುಣ್ಣು, ಗಡ್ಡೆ, ಕಿರಿದಾದ ಜಾಗ. ಆ ನಾಳದ ಸ್ನಾಯು ಎಷ್ಟು ಬಲವಾಗಿ ಒತ್ತುತ್ತದೆ, ಕೆಳಗಿನ ಬಿಗಿಸ್ನಾಯು ಸಮಯಕ್ಕೆ ಸಡಿಲವಾಗುತ್ತದೆಯೇ ಎಂಬುದು ಅದರಲ್ಲಿ ಸರಿಯಾಗಿ ತಿಳಿಯದು. ಗಟ್ಟಿ ಆಹಾರದ ಜೊತೆ ನೀರೂ ನಿಲ್ಲುವುದು, ಮಲಗಿದಾಗ ತಿಂದದ್ದು ಮರಳುವುದು, ಗುಳಿಗೆಗೆ ಬಗ್ಗದಿರುವುದು, ಇವೆಲ್ಲ ಸೇರಿದಾಗ ಮೊದಲು ಅನುಮಾನಿಸಬೇಕಾದದ್ದು ಅಕಲೇಸಿಯಾ. ಅನ್ನನಾಳದ ಗೋಡೆಯಲ್ಲಿರುವ ನರಕೋಶಗಳು ನಶಿಸಿ, ಹೊಟ್ಟೆಯ ಬಾಯಿಯ ಬಿಗಿಸ್ನಾಯು ಸಡಿಲವಾಗದೇ ಉಳಿಯುವ ಕಾಯಿಲೆ ಇದು. ಆ್ಯಸಿಡಿಟಿ ಎಂದುಕೊಂಡು ವರ್ಷಗಟ್ಟಲೆ ಗುಳಿಗೆ ನುಂಗಿದವರು ಬಹಳ ಮಂದಿ ಇದ್ದಾರೆ. ಹಾಗಾಗಿ ನಿಮ್ಮ ಡಾಕ್ಟರು ಹೇಳಿದ, ಪೈಪಿನಿಂದ ಒತ್ತಡ ಅಳೆಯುವ ಈ ಪರೀಕ್ಷೆ, ಅಂದರೆ ಮ್ಯಾನೊಮೆಟ್ರಿ, ಸರಿಯಾದ ಹೆಜ್ಜೆ.

ಸುಮಾರು 4 ಮಿ.ಮೀ. ದಪ್ಪದ ಮೆತ್ತನೆಯ ಪೈಪಿನಲ್ಲಿ ಸೆಂ.ಮೀ.ಗೊಂದರಂತೆ ಸಾಮಾನ್ಯವಾಗಿ 36 ಸೆನ್ಸರ್ ಇರುತ್ತವೆ. ಮೂಗಿಗೆ ಮರಗಟ್ಟಿಸುವ ಲಿಗ್ನೋಕೇನ್ ಜೆಲ್ಲಿ ಹಚ್ಚಿ, ಕೂರಿಸಿ, ಗುಟುಕು ಗುಟುಕಾಗಿ ನೀರು ಕುಡಿಸುತ್ತ ಅದನ್ನು ಹೊಟ್ಟೆಯವರೆಗೆ ಇಳಿಸುತ್ತಾರೆ. ಮಂಪರು ಬರಿಸುವ ಔಷಧ ಕೊಡುವುದಿಲ್ಲ, ಏಕೆಂದರೆ ಅದು ಸ್ನಾಯುವಿನ ನಡತೆಯನ್ನೇ ಬದಲಿಸಬಲ್ಲದು, ನುಂಗಲು ರೋಗಿ ಎಚ್ಚರವಿರಲೂ ಬೇಕು. ಆಮೇಲೆ ಮಲಗಿಸಿ, 5 ಮಿ.ಲೀ. ನೀರನ್ನು ಸಿರಿಂಜ್‌ನಿಂದ ಹತ್ತು ಸಲ ಬಾಯಿಗೆ ಬಿಡುತ್ತಾರೆ. ಒಂದು ಗುಟುಕಿಗೂ ಇನ್ನೊಂದಕ್ಕೂ ಕನಿಷ್ಠ ಅರ್ಧ ನಿಮಿಷ ಅಂತರ. ಈ ನಡುವೆ ಉಗುಳು ನುಂಗಬಾರದು ಎಂದು ಅವ್ವನಿಗೆ ಮೊದಲೇ ತಿಳಿಸಿಡಿ. ಎರಡನೆಯ ನುಂಗು ಮೊದಲನೆಯ ಅಲೆಯನ್ನು ಅಲ್ಲೇ ತಡೆಯುತ್ತದೆ, ಆ ದಾಖಲೆ ಕೆಟ್ಟಂತೆಯೇ. ನಂತರ 2 ಮಿ.ಲೀ.ಯಂತೆ ಐದು ಸಲ ಬೇಗ ಬೇಗ, ಕುಳಿತು ಐದು ಗುಟುಕು, ಕೊನೆಗೆ 200 ಮಿ.ಲೀ. ನೀರು ಒಂದೇ ಸಮನೆ.

ಪರೀಕ್ಷೆ ಕೆಡುವುದು ಹೆಚ್ಚಾಗಿ ಎರಡು ಕಡೆ. ಅನ್ನನಾಳ ಹಿಗ್ಗಿದ್ದರೆ ಪೈಪು ಅಲ್ಲೇ ಸುತ್ತಿಕೊಳ್ಳುತ್ತದೆ, ಹೊಟ್ಟೆಗೆ ಇಳಿಯುವುದೇ ಇಲ್ಲ. ಆಳವಾಗಿ ಉಸಿರೆಳೆಸಿದಾಗ ವಪೆಯ (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪರದೆ) ಮೇಲಿನ ಒತ್ತಡ ಇಳಿದು ಕೆಳಗಿನದು ಏರಿದರೆ ಪೈಪು ದಾಟಿದೆ ಎಂದರ್ಥ. ಅದನ್ನು ನೋಡದೆ ಬರೆದ ವರದಿಯನ್ನು ನಂಬಲಾಗದು. ಎರಡನೆಯದು, ಒಳಗೆ ಉಳಿದ ಆಹಾರ. ಆರು ಗಂಟೆ ಉಪವಾಸ ಸಾಮಾನ್ಯ ನಿಯಮ. ನಿಮ್ಮ ಅವ್ವನಂಥವರಿಗೆ ಹಿಂದಿನ ದಿನವಿಡೀ ತೆಳ್ಳಗಿನ ಆಹಾರವೇ ಕ್ಷೇಮ, ಇಲ್ಲವಾದರೆ ವಾಂತಿಯಾಗಿ ಶ್ವಾಸಕೋಶಕ್ಕೆ ಹೋಗುವ ಭಯವಿದೆ. ಮೊಣಕಾಲು ನೋವಿನ ಗುಳಿಗೆಯಲ್ಲಿ ಟ್ರಮಡಾಲ್ ಇದ್ದರೆ ಮುಚ್ಚಿಡದೆ ಹೇಳಿ. ಅಂಥ ಔಷಧ ಬಿಗಿಸ್ನಾಯುವನ್ನು ಸಡಿಲವಾಗಲು ಬಿಡದೆ ಅಕಲೇಸಿಯಾವನ್ನೇ ಹೋಲುವ ಚಿತ್ರ ಕೊಡಬಲ್ಲದು. ಬಿ.ಪಿ.ಯ ನಿಫೆಡಿಪಿನ್ ಒತ್ತಡ ತಗ್ಗಿಸುತ್ತದೆ. ಆದರೆ ಯಾವ ಗುಳಿಗೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ.

ವರದಿಯಲ್ಲಿ ‘ಐಆರ್‌ಪಿ’ ಎಂಬ ಅಂಕಿ ಇರುತ್ತದೆ. ನುಂಗಿದಾಗ ಬಿಗಿಸ್ನಾಯುವಿನಲ್ಲಿ ಉಳಿದ ಒತ್ತಡ ಅದು. ಬಹುಬಳಕೆಯ ಒಂದು ಯಂತ್ರದಲ್ಲಿ ಮಲಗಿದಾಗಿನ ಮಿತಿ 15 ಮಿ.ಮೀ. ಪಾದರಸ, ಬೇರೆ ಯಂತ್ರದಲ್ಲಿ ಬೇರೆ. ಅದೊಂದನ್ನೇ ನೋಡಿ ಗಾಬರಿಯಾಗಬೇಡಿ. ಅಕಲೇಸಿಯಾ ಎಂದಾದರೆ ಯಾವ ಟೈಪ್ ಎಂದು ಕೇಳಿ. ಟೈಪ್ 1ರಲ್ಲಿ ಅನ್ನನಾಳ ಹೆಚ್ಚುಕಡಿಮೆ ಒತ್ತುವುದೇ ಇಲ್ಲ. ಟೈಪ್ 2ರಲ್ಲಿ ಇಡೀ ನಾಳದಲ್ಲಿ ಒತ್ತಡ ಒಟ್ಟಿಗೆ ಏರುತ್ತದೆ, ಇದು ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ. ಟೈಪ್ 3ರಲ್ಲಿ ಸೆಡೆತ ಇರುವುದರಿಂದ ಸ್ನಾಯುವನ್ನು ಹೆಚ್ಚು ಉದ್ದ ಸೀಳಬೇಕಾಗುತ್ತದೆ. ಅಲ್ಲಿ ಎಂಡೋಸ್ಕೋಪಿಯಿಂದಲೇ ಸ್ನಾಯು ಸೀಳುವ ‘ಪೋಯೆಮ್’ ವಿಧಾನ ಒಳ್ಳೆಯದು. ಉಳಿದೆರಡಕ್ಕೆ ಬಲೂನಿನಿಂದ ಬಿಗಿಸ್ನಾಯು ಹಿಗ್ಗಿಸುವುದು ಅಥವಾ ಅದನ್ನು ಸೀಳುವ ಹೆಲ್ಲರ್ ಶಸ್ತ್ರಚಿಕಿತ್ಸೆಯೂ ಆಗುತ್ತದೆ.

ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೊರಡುವ ಮುನ್ನ ಫೋನ್ ಮಾಡಿ ‘ಹೈ ರೆಸಲ್ಯೂಷನ್ ಮ್ಯಾನೊಮೆಟ್ರಿ’ (ಮೇಲೆ ಹೇಳಿದ, ಸೆನ್ಸರ್ ಒತ್ತೊತ್ತಾಗಿರುವ ಪೈಪಿನ ಪರೀಕ್ಷೆ) ಇದೆಯೇ, ಯಾವ ದಿನ ಮಾಡುತ್ತಾರೆ ಎಂದು ಕೇಳಿ. ಎಂಡೋಸ್ಕೋಪಿ ವರದಿ, ಬೇರಿಯಂ ದ್ರವ ಕುಡಿಸಿ ತೆಗೆಯುವ ಎಕ್ಸ್‌ರೇ ಮಾಡಿಸಿದ್ದರೆ ಅದು, ತಿನ್ನುವ ಎಲ್ಲ ಗುಳಿಗೆಗಳ ಪಟ್ಟಿ, ಇಷ್ಟು ಜೊತೆಗಿರಲಿ.

ಪ್ರಶ್ನೆ: ಅಪ್ಪಾಜಿಗೆ ಪಾರ್ಶ್ವವಾಯು ಆದ ಮೇಲೆ ನೀರು ಕುಡಿದರೆ ಕೆಮ್ಮು ಬರುತ್ತದೆ, ಅನ್ನ ಗಂಟಲಲ್ಲೇ ಉಳಿಯುತ್ತದೆ. ಅವರಿಗೂ ಇದೇ ಪರೀಕ್ಷೆಯೇ?
(ಓದುಗರು, ಭಾಲ್ಕಿ)

ಉತ್ತರ: ಮೊದಲು ಬೇರಿಯಂ ವಿಡಿಯೊ ಎಕ್ಸ್‌ರೇ, ಇಲ್ಲವೇ ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನುಂಗುವುದನ್ನು ನೋಡುವ ಪರೀಕ್ಷೆ ಆಗಲಿ. ನೀರು ಶ್ವಾಸನಾಳಕ್ಕೆ ಹೋಗುತ್ತಿದೆಯೇ ಎಂದು ತೋರಿಸುವವು ಅವೇ. ಅನ್ನ ಯಾಕೆ ಉಳಿಯುತ್ತಿದೆ ಎಂಬ ಪ್ರಶ್ನೆ ಅಲ್ಲಿ ಬಗೆಹರಿಯದಿದ್ದರೆ ಗಂಟಲಿನ ಮ್ಯಾನೊಮೆಟ್ರಿ ಬೇಕಾಗುತ್ತದೆ. ಗಂಟಲಿನ ತಳ್ಳುವ ಬಲ ಕುಂದಿರಬಹುದು, ಅಥವಾ ಅನ್ನನಾಳದ ಮೇಲಿನ ಬಿಗಿಸ್ನಾಯು ಸಡಿಲವಾಗದಿರಬಹುದು. ಹೊರಗಿಂದ ಎರಡೂ ಒಂದೇ ತರಹ ಕಾಣುತ್ತವೆ, ಚಿಕಿತ್ಸೆ ಮಾತ್ರ ಬೇರೆ: ಮೊದಲನೆಯದಕ್ಕೆ ವ್ಯಾಯಾಮ, ಎರಡನೆಯದಕ್ಕೆ ಬಲೂನಿನಿಂದ ಹಿಗ್ಗಿಸುವುದು ಅಥವಾ ಸ್ನಾಯು ಸಡಿಲಿಸುವ ಬೊಟಾಕ್ಸ್ ಚುಚ್ಚುಮದ್ದು. ಬಲ ಕುಂದಿದ ಗಂಟಲಿಗೆ ಅಳೆಯದೆ ಬೊಟಾಕ್ಸ್ ಕೊಡಿಸಿದರೆ ನುಂಗುವುದು ಇನ್ನೂ ಕಷ್ಟವಾಗಬಹುದು. ಗಂಟಲಿನಲ್ಲಿ ಎಲ್ಲವೂ ಸುಮಾರು ಒಂದು ಸೆಕೆಂಡಿನಲ್ಲಿ ಮುಗಿಯುತ್ತದೆ, ನುಂಗುವಾಗ ಬಿಗಿಸ್ನಾಯುವೇ ಮೇಲಕ್ಕೆ ಸರಿಯುತ್ತದೆ. ಸೆನ್ಸರ್ ಒತ್ತೊತ್ತಾಗಿರುವ ಪೈಪೇ ಬೇಕೆನ್ನುವುದು ಅದಕ್ಕೆ.

ಅಲ್ಲಿಯವರೆಗೆ ನೆಟ್ಟಗೆ ಕೂರಿಸಿ ಸಣ್ಣ ಚಮಚದಲ್ಲಿ ತಿನ್ನಿಸಿ, ತಿಂದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ದಿನಕ್ಕೆರಡು ಸಲ ಬಾಯಿ ಸ್ವಚ್ಛ ಮಾಡಿ. ಊಟದ ನಂತರ ದನಿ ಗೊರಗೊರ ಎಂದರೆ, ಜ್ವರ ಬಂದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ನನಗೆ ಸಕ್ಕರೆ ಕಾಯಿಲೆ. ಈ ಪರೀಕ್ಷೆ ನೋವಾಗುತ್ತದೆಯೇ, ಉಪವಾಸ ಇರಬಹುದೇ?
(ಓದುಗರು, ಶಹಾಪುರ)

ಉತ್ತರ: ಪೈಪು ಮೂಗಿನಿಂದ ಗಂಟಲು ದಾಟುವಾಗ ಓಕರಿಕೆ, ಕಣ್ಣೀರು ಬರುತ್ತವೆ, ಸ್ವಲ್ಪ ಹೊತ್ತಿಗೆ ತಗ್ಗುತ್ತವೆ. ಒಂದು ದಿನ ಗಂಟಲು ಉರಿಯಬಹುದು, ಒಮ್ಮೊಮ್ಮೆ ಮೂಗಿನಿಂದ ತುಸು ರಕ್ತ ಬರಬಹುದು. ಬೆಳಗಿನ ಮೊದಲ ಸರದಿ ಕೇಳಿ ಪಡೆಯಿರಿ. ಅಂದಿನ ಇನ್ಸುಲಿನ್, ಗುಳಿಗೆಯ ಪ್ರಮಾಣವನ್ನು ನಿಮ್ಮ ವೈದ್ಯರಿಂದಲೇ ನಿಗದಿ ಮಾಡಿಸಿಕೊಳ್ಳಿ. ರಕ್ತ ತೆಳುಮಾಡುವ ಗುಳಿಗೆ ತಿನ್ನುತ್ತಿದ್ದರೆ, ಮೂಗಿನ ಆಪರೇಷನ್ ಆಗಿದ್ದರೆ ಪೈಪು ಹಾಕುವ ಮುನ್ನವೇ ಹೇಳಿ.