ವೀಲ್‌ಚೇರ್‌ನಲ್ಲಿ ಗಾಲ್ಫ್: ಗ್ರೀನ್ ಹಾಳಾಗಲ್ಲ, ಆಡಬಹುದು

ಬೆನ್ನುಹುರಿಗೆ ಪೆಟ್ಟಾಗಿ ವೀಲ್‌ಚೇರ್ ಬಳಸುತ್ತಿರುವ ನಿಮ್ಮ ಅಣ್ಣ ಮತ್ತೆ ಗಾಲ್ಫ್ ಆಡಬಹುದಾ, ಚಕ್ರದಿಂದ ಗ್ರೀನ್ (ಚೆಂಡು ಬೀಳಿಸಬೇಕಾದ ಕುಳಿಯ ಸುತ್ತಲಿನ ನುಣುಪಾದ ಹುಲ್ಲು) ಹಾಳಾಗಲ್ವಾ ಎಂದು ಕೇಳಿದ್ದೀರಿ.

ಖಂಡಿತ ಆಡಬಹುದು. ಆದರೆ ಮನೆಯಲ್ಲಿ ಬಳಸುವ ವೀಲ್‌ಚೇರ್ ಬೇಡ. ಅದರ ಸಣ್ಣ ಮುಂದಿನ ಚಕ್ರ ಮೆತ್ತನೆಯ ನೆಲದಲ್ಲಿ ಹೂತುಕೊಳ್ಳುತ್ತದೆ. ಗಾಲ್ಫ್‌ಗೆಂದೇ ಒಬ್ಬರು ಕೂರುವ ಬ್ಯಾಟರಿ ಗಾಡಿಗಳಿವೆ. ಸೀಟು ಪಕ್ಕಕ್ಕೆ ತಿರುಗುತ್ತದೆ, ಕೂತೇ ಹೊಡೆಯಬಹುದು. ಪ್ಯಾರಾಗಾಲ್ಫರ್ ಎಂಬ ಗಾಡಿಯಂತೂ ಆಟಗಾರರನ್ನು ಎತ್ತಿ ನಿಲ್ಲಿಸುತ್ತದೆ! (ತುಂಬಾ ದಿನ ನಿಂತಿಲ್ಲದಿದ್ದರೆ ಡಾಕ್ಟರನ್ನು ಕೇಳದೆ ಇದನ್ನು ಹತ್ತಬಾರದು. ಬಿಪಿ ಇಳಿಯಬಹುದು, ಮೂಳೆಯೂ ಸವೆದಿರಬಹುದು.) ಈ ಗಾಡಿಗಳ ಟೈರ್ ಅಗಲ, ಭಾರ ಒಂದೇ ಕಡೆ ಬೀಳುವುದಿಲ್ಲ, ಹಾಗಾಗಿ ಗ್ರೀನ್ ಹಾಳಾಗಲ್ಲ. ನೆಲ ಒದ್ದೆಯಿದ್ದಾಗ ಗಕ್ಕನೆ ತಿರುಗಿಸಬಾರದು, ಅಷ್ಟೇ.

ನಿಯಮಗಳ ಚಿಂತೆ ಬಿಡಿ. 2023ರಿಂದ ಗಾಲ್ಫ್ ನಿಯಮಗಳಲ್ಲಿ 25ನೆಯದು ಅಂಗವಿಕಲ ಆಟಗಾರರಿಗೆಂದೇ ಇದೆ. ಬಂಕರ್‌ನಲ್ಲಿ (ಮರಳಿನ ಗುಂಡಿಯಲ್ಲಿ) ಚೆಂಡು ಆಡಲಾಗದಂತೆ ಸಿಕ್ಕಿಕೊಂಡರೆ ಅದನ್ನು ಗುಂಡಿಯ ಹಿಂದೆ ಹೊರಗೆ ಬೀಳಿಸಿ ಆಡಲು ಉಳಿದವರಿಗೆ ಎರಡು ದಂಡದ ಹೊಡೆತ (ದಂಡವಾಗಿ ಲೆಕ್ಕಕ್ಕೆ ಸೇರುವ ಹೊಡೆತ). ಚಕ್ರದ ಗಾಡಿಯಲ್ಲಿ ಆಡುವವರಿಗೆ ಒಂದೇ. ನ್ಯಾಯವೇ ಅಲ್ವಾ, ಮರಳಿಗೆ ಗಾಡಿ ಇಳಿಸುವುದು ಹೇಗೆ?

ನನ್ನ ಪ್ರಕಾರ ಜಾಸ್ತಿ ತೊಂದರೆ ಕೊಡುವುದು ಮೆಟ್ಟಿಲು, ಟೀಗೆ (ಮೊದಲ ಹೊಡೆತ ಹೊಡೆಯುವ ಜಾಗಕ್ಕೆ) ಹೋಗುವ ಕಡಿದಾದ ದಾರಿ ಮತ್ತು ಶೌಚಾಲಯದ ಬಾಗಿಲು. ಹೋಗುವ ಮುಂಚೆ ಗಾಲ್ಫ್ ಮೈದಾನಕ್ಕೆ ಫೋನ್ ಮಾಡಿ ಇವನ್ನೆಲ್ಲ ವಿಚಾರಿಸಿ. ಮೊದಲು ಡ್ರೈವಿಂಗ್ ರೇಂಜ್‌ನಲ್ಲಿ (ಹೊಡೆತ ಅಭ್ಯಾಸ ಮಾಡುವ ಜಾಗದಲ್ಲಿ) ಅಣ್ಣ ಕೂತು ಹೊಡೆದು ನೋಡಲಿ. ಹೊಸ ಕ್ಲಬ್ (ಗಾಲ್ಫ್ ಕೋಲು) ಆಮೇಲೆ ಕೊಂಡರಾಯಿತು.